ಶಿವಣ್ಣ ತನಗೆ ತಾನೇ ಹೇಳಿಕೊಂಡ ಮಾತು

ಭಾರತೀನಗರದ ಕಡೆ ಕಬ್ಬು ಅರೆಯುವ ಕಾಲ ಶುರುವಾಗಿ ಎಂಟು ದಿನವಾಗಿತ್ತು. ಊರಿನ ಟ್ರ್ಯಾಕ್ಟರುಗಳೆಲ್ಲ ಲೋಡು ಹೊತ್ತು ಕಾರ್ಖಾನೆ ದಾರಿ ಹಿಡಿದಿದ್ದವು. ಶಿವಣ್ಣನ ಟ್ರ್ಯಾಕ್ಟರು ಮಾತ್ರ ಕೊಟ್ಟಿಗೆ ಪಕ್ಕದಿಂದ ಅಲ್ಲಾಡಿರಲಿಲ್ಲ. ಕೇಳಿದವರಿಗೆಲ್ಲ "ಕ್ಲಚ್ಚು ಸರಿ ಇಲ್ಲ" ಅನ್ನುತ್ತಿದ್ದ. ಕ್ಲಚ್ಚು ಸರಿಯಾಗೇ ಇತ್ತು. ಅದು ಅವನ ಹೆಂಡತಿ ನಯನಳಿಗೂ ಗೊತ್ತಿತ್ತು.

ಹೋದ ವರ್ಷ ನಾಲೆ ತಿರುವಿನಲ್ಲಿ ಎದುರು ಬಂದ ಬಸ್ಸಿಗೆ ದಾರಿ ಬಿಡಲು ಹೋಗಿ ಅವನ ಟ್ರೇಲರು ಮಗುಚಿತ್ತು. ಕಬ್ಬೆಲ್ಲ ನಾಲೆ ಪಾಲಾಯಿತು. ಅವನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಈಗ ಸೀಟಿನ ಮೇಲೆ ಕೂತರೆ ಸಾಕು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು, ಉಸಿರು ಕಟ್ಟಿದಂತಾಗುತ್ತಿತ್ತು. ಇಪ್ಪತ್ತು ವರ್ಷ ಗಾಡಿ ಓಡಿಸಿದವನು ಇದನ್ನು ಯಾರಿಗೆ ಹೇಳುವುದು? ಒಳಗೊಳಗೇ ತನ್ನನ್ನೇ ಬೈದುಕೊಳ್ಳುತ್ತಿದ್ದ: "ನೀನೊಬ್ಬ ಗಂಡ್ಸಾ? ನಿನ್ ಕೈಲಿ ಆಗಲ್ಲ. ಈ ಸಲ ಯಾರ್ನಾದ್ರೂ ಸಾಯಿಸ್ತೀಯ."

"ಗಾಳಿ ಸೋಕ್ಬುಟ್ಟದೆ ಕಣ್ಲಾ, ತಾಯ್ತ ಕಟ್ಟುಸ್ಕಂಡ್ ಬಾ" ಎಂದಳು ತಾಯಿ ಹೊಂಬಾಳಮ್ಮ. ನಯನ ಅದನ್ನು ಕಿವಿಗೆ ಹಾಕಿಕೊಳ್ಳದೆ ಗಂಡನನ್ನು ಮದ್ದೂರಿಗೆ ಡಾಕ್ಟರ ಹತ್ತಿರ ಕರೆದೊಯ್ದಳು. ಇಸಿಜಿ ಮಾಡಿಸಿ ನೋಡಿದ ಡಾಕ್ಟರು, "ಹೃದಯ ಚೆನ್ನಾಗಿದೆ. ಇದು ಆತಂಕ" ಎಂದರು.

ನಯನ ವಿಷಯ ತಿಳಿಸಿದ್ದರಿಂದ ಮರುದಿನ ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಅರ್ಪಿತ ಮನೆಗೆ ಬಂದಳು. ಶಿವಣ್ಣ ಎತ್ತಿಗೆ ಹುಲ್ಲು ಹಾಕುತ್ತಿದ್ದ.

"ಅಣ್ಣ, ಎದೆ ಒಡ್ಕಂಡಾಗ ಮನ್ಸಲ್ಲಿ ಏನ್ ಅನ್ಕತೀರಿ?"

ನಯನ ದಿಟ್ಟಿಸಿ ನೋಡಿದ ಮೇಲೆ ಶಿವಣ್ಣ ತನ್ನನ್ನೇ ಬೈದುಕೊಳ್ಳುವ ಮಾತನ್ನೆಲ್ಲ ಹೇಳಿದ.

"ಈ ಎತ್ತು ಬೆದ್ರಿ ನಿಂತ್ರೆ ಅದುಕ್ಕೂ ಇಂಗೇ ಬೈತೀರಾ?"

"ಅದುಕ್ಯಾಕ್ ಬೈಲಿ? ಬೈದ್ರೆ ಇನ್ನೂ ಬೆದರ್ತದೆ. ಬೆನ್ನು ಸವರಿ, 'ಬಾ ಮಗ, ನಾನಿವ್ನಿ' ಅಂತೀನಿ."

"ಎತ್ತಿಗೆ ಆಡೋ ಒಳ್ಳೆ ಮಾತ ನಿಮ್ಗೆ ನೀವು ಯಾಕ್ ಆಡ್ಕಳಲ್ಲ?"

ಶಿವಣ್ಣ ನಕ್ಕುಬಿಟ್ಟ. "ಏ ಬುಡವ್ವ, ಮಾತ್ನಿಂದ ಟ್ರೇಲರು ಮಗ್ಚೋದು ನಿಂತದಾ? ಏನೂ ಆಗಲ್ಲ, ಏನೂ ಆಗಲ್ಲ ಅಂತ ಜಪ ಮಾಡ್ಕಂಡು ಗಾಡಿ ಓಡ್ಸುದ್ರೂ ಆಗೋದು ಆಗೇ ಆಯ್ತದೆ."

"ಸುಳ್ಳು ಹೇಳ್ಕಳಿ ಅಂತ ನಾನೆಲ್ಲಿ ಅಂದೆ? ಸುಳ್ಳಾದ್ರೆ ನಿಮ್ ಮನ್ಸೇ ನಂಬಲ್ಲ. ನಿಜ ಇರೋದ್ನೇ ಹೇಳ್ಕಳಿ. 'ಎದ್ರಿಕೆ ಬಂದದೆ, ಸ್ವಲ್ಪ ಹೊತ್ಗೆ ಇಳಿತದೆ.' ನಿಜ ತಾನೇ? 'ಇಪ್ಪತ್ತು ವರ್ಸ ಗಾಡಿ ಓಡ್ಸಿವ್ನಿ.' ಅದೂ ನಿಜ. 'ನಿಧಾನಕ್ಕೆ ಓಯ್ತೀನಿ, ಕಷ್ಟ ಆದ್ರೆ ನಿಲ್ಲಿಸ್ತೀನಿ.' ಅದು ನಿಮ್ ಕೈಲೇ ಅದೆ."

ಹೊಂಬಾಳಮ್ಮ ಒಳಗಿನಿಂದಲೇ ಕೂಗಿದಳು: "ಒಬ್ನೇ ಮಾತಾಡ್ಕಂಡ್ರೆ ಊರೋರು ಉಚ್ಚ ಅನ್ನಲ್ವೇನಮ್ಮ?"

"ಈಗ್ಲೂ ಒಳ್ಗೊಳ್ಗೇ ಮಾತಾಡ್ಕತಾನೇ ಅವ್ರೆ ಅಜ್ಜಿ. ಬೈಗುಳ ಬುಟ್ಟು ಒಳ್ಳೇದು ಹೇಳ್ಕಳ್ಲಿ ಅಂತಿವ್ನಿ, ಅಷ್ಟೇಯ." ಅರ್ಪಿತ ಶಿವಣ್ಣನ ಕಡೆ ತಿರುಗಿದಳು. "ಎದ್ರಿಕೆ ಒಂದೇ ದಿನಕ್ಕೆ ಓಗಲ್ಲ ಅಣ್ಣ. ಉಸಿರು ನಿಧಾನಕ್ಕೆ ಬುಡ್ತಾ ದಿನಾ ಹೇಳ್ಕಳಿ. ಲೋಡು ಈಗ್ಲೇ ಬ್ಯಾಡ. ಮೊದ್ಲು ಸುಮ್ನೆ ಸೀಟ್ ಮೇಲೆ ಕುಂತ್ಕಳಿ."

ಶಿವಣ್ಣನಿಗೆ ನಂಬಿಕೆ ಬರಲಿಲ್ಲ. ಆದರೂ ಎರಡು ದಿನ ಎಂಜಿನ್ನು ಆಫ್ ಇಟ್ಟುಕೊಂಡೇ ಕೂತ. ಮೂರನೆಯ ದಿನ ಸ್ಟಾರ್ಟು ಮಾಡಿದವನು ಬೆವರಿ ಇಳಿದುಬಿಟ್ಟ. "ಥೂ, ನನ್ ಜನ್ಮಕ್ಕೆ" ಅನ್ನುವಷ್ಟರಲ್ಲಿ ನಯನ ತಡೆದಳು: "ಬೈಕಬ್ಯಾಡಿ. ನಾಳೆ ಇನ್ನೊಂದ್ ಸಲ ನೋಡುವ." ಮಾರನೇ ದಿನ ಊರ ಬಾಗಿಲ ತನಕ ಹೋಗಿ ಬಂದ. ಆಮೇಲೆ ಖಾಲಿ ಟ್ರೇಲರು ಕಟ್ಟಿಕೊಂಡು ನಾಲೆ ತಿರುವಿನವರೆಗೂ ಹೋದ. ನಯನ ಸ್ಕೂಟರಿನಲ್ಲಿ ಹಿಂದೆಯೇ ಇದ್ದಳು.

ಹದಿನೈದು ದಿನ ಕಳೆದ ಮೇಲೆ ಲೋಡು ಹೊರಟಿತು. ಟೈರು, ಬ್ರೇಕು, ಕಬ್ಬು ಬಿಗಿದ ಹಗ್ಗ ಎಲ್ಲವನ್ನೂ ತಾನೇ ನೋಡಿಕೊಂಡಿದ್ದ. ನಾಲೆ ತಿರುವು ಇನ್ನೂ ಸ್ವಲ್ಪ ದೂರವಿರುವಾಗ ಎದುರಿಗೆ ಬಸ್ಸು ಕಾಣಿಸಿತು. ಎದೆ ಹೊಡೆದುಕೊಳ್ಳತೊಡಗಿತು. ಶಿವಣ್ಣ ಅಗಲ ಇದ್ದ ಕಡೆ ಗಾಡಿ ನಿಲ್ಲಿಸಿದ. ಹಿಂದಿನ ಗಾಡಿಯವರು ಹಾರನ್ನು ಬಾರಿಸಿದರು. ಬಾರಿಸಿಕೊಳ್ಳಲಿ ಎಂದು ಕೂತ.

"ಎದ್ರಿಕೆ ಬಂದದೆ. ಬರ್ಲಿ. ಇಳಿತದೆ. ಬ್ರೇಕು ನನ್ ಕಾಲಲ್ಲೇ ಅದೆ."

ಮೂರು ಸಲ ಬಾಯಿಬಿಟ್ಟೇ ಹೇಳಿಕೊಂಡ. ಬಸ್ಸು ದಾಟಿತು, ಡ್ರೈವರು ಕೈ ಎತ್ತಿ ಹೋದ. ಶಿವಣ್ಣನ ಅಂಗೈ ಇನ್ನೂ ಒದ್ದೆಯಾಗಿತ್ತು. ಉಸಿರು ಮಾತ್ರ ಹದಕ್ಕೆ ಬಂದಿತ್ತು. ಗೇರು ಹಾಕಿ ಮೆಲ್ಲಗೆ ತಿರುವು ದಾಟಿದ.

ಕಾರ್ಖಾನೆ ಮುಂದಿನ ಸಾಲಿನಲ್ಲಿ ನಿಂತು ಮನೆಗೆ ಫೋನು ಮಾಡಿದ. "ಬಂದೆ ಕಣೇ" ಎಂದ.

ನಯನ ಕಣ್ಣೊರೆಸಿಕೊಂಡಳು. ಹೊಂಬಾಳಮ್ಮ ಸೊಸೆಯ ಮುಖ ನೋಡಿ ಹೇಳಿದಳು: "ಆ ಅರ್ಪಿತನ್ನ ಒಂದ್ ಸಲ ಬರಕ್ಕೇಳವ್ವ. ನಂಗೂ ಆ ಮಾತ ಹೇಳ್ಕೊಡ್ಲಿ. ಅವ್ನು ಗಾಡಿ ತಕ್ಕಂಡು ಓಗಿ ಬರೋಗಂಟ ನನ್ ಎದೇನೂ ಒಡ್ಕತದೆ."

ಅಕ್ಕ, ಅಣ್ಣ, ನಿಮಗೂ ಎದೆ ಹೊಡೆದುಕೊಳ್ಳುವ ಹೊತ್ತು ಬಂದೀತು. ಆಗ ನಿಮ್ಮನ್ನು ನೀವೇ ಹಳಿಯಬೇಡಿ. ಕಷ್ಟದಲ್ಲಿರುವ ನಿಮ್ಮವರಿಗೆ ಏನು ಹೇಳುತ್ತೀರೋ ಅದನ್ನೇ ನಿಮಗೂ ಹೇಳಿಕೊಳ್ಳಿ, ನಿಜವನ್ನೇ ಹೇಳಿಕೊಳ್ಳಿ. ಎದೆ ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಮಾತು ಹೇಳಿಕೊಂಡರೂ ಭಯ ಇಳಿಯದೆ ನಿದ್ದೆ, ಊಟ, ಕೆಲಸ ಕೆಟ್ಟರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಆ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಕೇಳುವುದಕ್ಕೆ ನಾಚಿಕೆ ಬೇಡ.