ಪುಣೆ ಬಸ್ಸು ಹತ್ತಿದ ಜಗದೇವಿ

"ಅವರಪ್ಪನ ಬ್ಯಾನಿ ಜಗದೇವಿಗಿ ಹೇಳಂಗಿಲ್ಲಂತ ಈ ರೊಟ್ಟಿ ಮುಟ್ಟಿ ಆಣಿ ಮಾಡು," ಎಂದು ನನ್ನ ಅತ್ತೆ ಕೇಶರಬಾಯಿ ಹಟ ಹಿಡಿದರು. ಒಲೆಯ ಮೇಲಿನ ಬಿಸಿ ರೊಟ್ಟಿ ಮುಟ್ಟಿ ಮಾತು ಕೊಟ್ಟೆ. ಅದು 2002ನೇ ಇಸವಿ.

ನಮ್ಮದು ಹುಮನಾಬಾದ್. ಪುಣೆಗೆ ಗಾರೆ ಕೆಲಸಕ್ಕೆ ಹೋಗಿದ್ದ ನನ್ನ ಗಂಡ ಜ್ಞಾನೇಶ್ವರ ಕೆಮ್ಮುತ್ತ ತಿರುಗಿ ಬಂದರು. ಅಲ್ಲಿನ ದವಾಖಾನೆಯಲ್ಲೇ ಕಫ ಪರೀಕ್ಷೆ ಮಾಡಿ ಟಿ.ಬಿ. ಎಂದಿದ್ದರು. ಶಾಲೆಯಲ್ಲಿದ್ದ ಮಗಳು ಜಗದೇವಿ ಮನೆಗೆ ಬರುವುದರೊಳಗೆ ಅತ್ತೆ ಅವರನ್ನು ಬಸವಕಲ್ಯಾಣದ ಹತ್ತಿರದ ನಾರಾಯಣಪುರಕ್ಕೆ, ನಾದಿನಿಯ ಮನೆಗೆ ಸಾಗಹಾಕಿದ್ದರು. "ಅಪ್ಪ ಇನ್ನಾ ಪುಣೆದಾಗೇ ಹಾನ," ಎಂದು ಮಗಳಿಗೆ ಹೇಳಿದ್ದಾಯಿತು.

ನಾನು ವಿಷಯ ಹೇಳಿದಾಗ ಪಕ್ಕದ ಓಣಿಯ ನರ್ಸ್ ರಹೀಮಾ ಆಪಾಗೆ ಇದು ಸೇರಲಿಲ್ಲ; ಅತ್ತೆಯ ಎದುರಿಗೇ ಹೇಳಿದಳು.

"ಅಮ್ಮಾ, ಪೋರಿಗಿ ಖರೇ ಹೇಳ್ರಿ. ತಿಳಿಯೋ ವಯಸ್ಸ್ ಅದ."

"ಎಳೀ ಮನಸ್ಸವ್ವಾ, ಒಡದ್ ಹೋಗ್ತದ. ಸಾಲ್ಯಾಗ ಬಾಯಿ ಬಿಟ್ಟಳಂದ್ರ ಊರಿಗೆಲ್ಲಾ ಗೊತ್ತಾಗ್ತದ. ಆಮ್ಯಾಲ ಅಕಿ ಲಗ್ನ ನೀ ಮಾಡ್ತಿ ಏನ?"

"ಲಗ್ನಕ್ಕ ಇನ್ನಾ ಬಾಳ ವರ್ಷ ಹಾವ. ಅಷ್ಟ್ರಾಗ ನಿಮ್ಮ ಮಗ ಗುಂಡಕಲ್ಲಿನಂಗ ಆಗ್ತಾನ, ಗುಳಿಗಿ ತಪ್ಪಿಸಬಾರ್ದಷ್ಟ."

ಅತ್ತೆ ಮುಖ ತಿರುಗಿಸಿದರು.

ನಾವು ಬಾಯಿ ಮುಚ್ಚಿಕೊಂಡರೇನು, ಊರು ಮುಚ್ಚಿಕೊಳ್ಳುತ್ತದೆಯೇ? ಒಂದು ದಿನ ಮಗಳು ತಾಟು ಸರಿಸಿ ಕೇಳಿದಳು, "ಅಪ್ಪ ಪುಣೆದಾಗ ಇನ್ನೊಬ್ಬಾಕಿನ್ನ ಮಾಡ್ಕೊಂಡಾನಂತ, ಹೌದೇನವ್ವಾ?"

"ಸುಮ್ನ ಉಣ್ಣು," ಎಂದೆ.

ಮರುದಿನ ಅವಳು ಶಾಲೆಯಿಂದ ಬರಲಿಲ್ಲ. ಸಂಜೆ ಎಸ್.ಟಿ.ಡಿ. ಬೂತಿನವರು ಓಡಿ ಬಂದರು. ಮಗಳು ಪುಣೆ ಬಸ್ಸು ಹತ್ತಿದ್ದಳು. ಟಿಕೆಟ್ ಕೇಳಿದರೆ, "ಪುಣೆದಾಗ ನಮ್ಮಪ್ಪ ಕೊಡ್ತಾನ್ರಿ," ಎಂದಳಂತೆ. ಕಂಡಕ್ಟರ್ ಅವಳನ್ನು ಬಸವಕಲ್ಯಾಣದ ಕ್ರಾಸಿನಲ್ಲಿ ಇಳಿಸಿ, ಚಹಾದ ಅಂಗಡಿಯಲ್ಲಿ ಕೂಡಿಸಿ, ಫೋನು ಮಾಡಿಸಿದ್ದ.

ರಹೀಮಾ ಆಪಾ ನನ್ನ ಜೊತೆಗೆ ಬಂದಳು. ಮಗಳು ಯೂನಿಫಾರ್ಮಿನಲ್ಲೇ ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ರೊಟ್ಟಿ ಗಂಟು.

"ಅಪ್ಪ ನಮ್ಮನ್ನ ಬಿಟ್ಟನೇನವ್ವಾ?"

ಅವಳು ಹುಡುಕಿ ಹೊರಟ ಅಪ್ಪ ಆ ಕ್ರಾಸಿನಿಂದ ನಾಲ್ಕಾರು ಮೈಲಿ ದೂರದ ಊರಿನಲ್ಲಿದ್ದ. ಲಾರಿಗಳು ಹಾಯುವ ಆ ರಸ್ತೆಯಲ್ಲಿ ಇವಳಿಗೇನಾದರೂ ಆಗಿದ್ದರೆ? ಯಾವ ಮನಸ್ಸನ್ನು ಕಾಪಾಡಲು ಕೊಟ್ಟ ಮಾತು ಅದು?

"ಬಿಟ್ಟಿಲ್ಲವ್ವಾ. ಇಲ್ಲೇ ನಾರಾಯಣಪುರದಾಗ ಹಾನ. ಟಿ.ಬಿ. ಆಗೇದ."

"ಸಾಯ್ತಾನೇನು?"

ನಾನು ಆಪಾನ ಮುಖ ನೋಡಿದೆ. ಅವಳು ಮುಚ್ಚಿಡಲಿಲ್ಲ. "ಗುಳಿಗಿ ನಡುವ ಬಿಟ್ಟವರು ಸಾಯ್ತಾರ, ಬೇಟಾ. ಪೂರ್ತಿ ನುಂಗಿದವರು ಆರಾಮ ಆಗ್ತಾರ."

ಜಗದೇವಿ ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಹಂಗಾದ್ರ ಇನ್ನೊಬ್ಬಾಕಿ ಇಲ್ಲಲ್ಲ?" ಎಂದಳು. ಚಹಾದವನೂ ನಕ್ಕುಬಿಟ್ಟ.

ಮನೆಗೆ ತಿರುಗಲಿಲ್ಲ. ಟಂಟಂ ಆಟೋ ಹಿಡಿದು ನೇರ ನಾರಾಯಣಪುರಕ್ಕೆ ಹೋದೆವು. ಗಂಡ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಒಬ್ಬರೇ ಇದ್ದರು. ಮಗಳನ್ನು ಕಂಡು ಬಾಯಿಗೆ ವಸ್ತ್ರ ಅಡ್ಡ ಹಿಡಿದರು.

"ಗುಳಿಗಿ ನುಂಗಾಕತ್ತೀರೇನ್ರಿ?" ಎಂದಳು ಆಪಾ.

"ಬಿಟ್ಟೀನ್ರಿ. ಪೋರಿ ಮಾರಿ ಸೈತ ನೋಡಂಗಿಲ್ಲ. ಯಾರ ಸಲುವಾಗಿ ನುಂಗ್ಲಿ?"

ಜಗದೇವಿ ದೂರದಿಂದಲೇ ಸೊಂಟದ ಮೇಲೆ ಕೈಯಿಟ್ಟಳು. "ನನ್ನ ಸಲುವಾಗಿ! ನಾ ಎದುರಿಗೇ ನಿಂದರ್ತೀನಿ, ಹ್ಯಾಂಗ ಬಿಡ್ತಿ ನೋಡ್ತೀನಿ."

ಮರುದಿನ ಆಪಾ ಅವರನ್ನು ಸರಕಾರಿ ದವಾಖಾನೆಗೆ ಕರೆದೊಯ್ದು, ಮತ್ತೆ ಕಫ ಪರೀಕ್ಷೆ ಮಾಡಿಸಿ, ಔಷಧಿ ಹೊಸದಾಗಿ ಶುರು ಮಾಡಿಸಿದಳು. ನಮ್ಮೆಲ್ಲರಿಗೂ ಪರೀಕ್ಷೆ ಮಾಡಿಸಿದಳು. ಗಂಡನನ್ನು ಹುಮನಾಬಾದಿಗೇ ಕರೆತಂದೆ. ಅತ್ತೆ ಬಾಗಿಲಲ್ಲೇ ತಡೆದರು.

"ಮಾತು ಮುರದಿ!"

"ಹೌದ್ರಿ, ಮುರದೀನಿ. ಪೋರಿ ರಸ್ತಾದ ಪಾಲಾಗೂದಕಿಂತ ಮಾತು ಮುರಿಯೂದು ಚಲೋ."

ಅತ್ತೆಯನ್ನು ದಾಟಿ ಒಳಗೆ ಹೋಗಿ, ಗಾಳಿ ಆಡುವ ಪಡಸಾಲೆಯಲ್ಲಿ ಗಂಡನ ಹಾಸಿಗೆ ಹಾಕಿದೆ. ಗುಳಿಗೆಯ ದಿನ ತಪ್ಪದಂತೆ ಮಗಳು ಕಾವಲು ನಿಂತಳು. ಗಂಡ ಗುಣವಾಗಿ ಮತ್ತೆ ಗಾರೆ ಕೆಲಸದ ಕರಣಿ ಹಿಡಿದಾಗ ಅತ್ತೆಯೇ ಓಣಿಯ ಹೆಂಗಸರಿಗೆ, "ಖರೇ ಹೇಳ್ರಿ ಮಕ್ಕಳಿಗಿ. ನಮ್ಮ ಪೋರಿ ಹವಾಲ್ದಾರ ಆದಳು, ಮಗ ಉಳದ," ಎನ್ನತೊಡಗಿದರು.

ಇದನ್ನು ಓದುತ್ತಿರುವ ಅವ್ವ, ಅಪ್ಪಂದಿರೇ, ಮನೆಯ ಕಷ್ಟ ಮಕ್ಕಳಿಂದ ಮುಚ್ಚಿಡಬೇಡಿ. ಅವರ ವಯಸ್ಸಿಗೆ ತಿಳಿಯುವ ಮಾತಿನಲ್ಲಿ, ಪಕ್ಕದಲ್ಲಿ ಕೂತು ಹೇಳಿ. ನೀವು ಹೇಳದಿದ್ದರೆ ಓಣಿ ಹೇಳುತ್ತದೆ, ಅದೂ ಸುಳ್ಳು ಸೇರಿಸಿ. ಎರಡು ವಾರ ದಾಟಿದ ಕೆಮ್ಮಿದ್ದರೆ ಇವತ್ತೇ ಕಫ ಪರೀಕ್ಷೆ ಮಾಡಿಸಿ. ನಾಚಿಕೆ ಪಡುವ ರೋಗ ಅದಲ್ಲ.

ರೊಟ್ಟಿ ಮುಟ್ಟಿ ಕೊಟ್ಟ ಮಾತನ್ನು ನಾನು ಮುರಿದೆ.