ಮೊರ ಹೊತ್ತವನು

“ಇದೇ ಅತ್ರದ ದಾರಿ” ಎಂದು ಆದಿನಾರಾಯಣ ಇನ್ನೊಂದು ಸಲ ಹೇಳಿದಾಗ ಗಂಗರತ್ನಮ್ಮ ಬಾಯಿಗೆ ಬಿದ್ದ ಮರಳನ್ನು ಥೂ ಎಂದು ಉಗುಳಿದಳು. ಅದನ್ನೇ ಉತ್ತರವೆಂದು ತಿಳಿದುಕೊಂಡರೂ ಅವಳ ಅಡ್ಡಿಯೇನೂ ಇರಲಿಲ್ಲ. ಮದುವೆಯಾದಾಗಿನಿಂದ ಗಂಡನ ಹತ್ತಿರದ ದಾರಿಗಳಲ್ಲಿ ನಡೆದು ನಡೆದು ಅವಳ ಕಾಲುಗಳು ಸವೆದಿದ್ದವು.

ಕ್ಯಾಸಂಬಳ್ಳಿಯಲ್ಲಿ ಹತ್ತಿದ ಬಸ್ಸು ಚಾಂಪಿಯನ್ ರೀಫ್ಸಿಗಿಂತ ಈಚೆಗೇ ಹೊಗೆ ಬಿಟ್ಟು ನಿಂತಿತ್ತು. ಡ್ರೈವರು ಬಾನೆಟ್ ಎತ್ತಿ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡು, ಹುಣಸೆಮರದ ನೆರಳಿಗೆ ಹೋಗಿ ಮಲಗಿಬಿಟ್ಟ. ಅವನು ಮಲಗಿದ ರೀತಿ ನೋಡಿದರೆ ಸಂಜೆಯವರೆಗೆ ಏಳುವ ಹಾಗಿರಲಿಲ್ಲ. ಸೈನೈಡ್ ಗುಡ್ಡದ ಹಿಂಬದಿಯಿಂದ ಹೋದರೆ ಉರಿಗಾಂ ಸ್ಟೇಷನ್ನು, ಅಲ್ಲಿಂದ ಬಂಗಾರಪೇಟೆಗೆ ಮಧ್ಯಾಹ್ನದ ರೈಲು ಎಂದು ಆದಿನಾರಾಯಣ ಲೆಕ್ಕ ಹಾಕಿದ. ಚಿನ್ನದ ಗಣಿಯಲ್ಲಿ ದುಡಿದವನು, ಕೆಮ್ಮು ಹತ್ತಿ ಕೆಲಸ ಬಿಟ್ಟವನು. ಇಲ್ಲಿಯ ಕಾಲುದಾರಿಗಳೆಲ್ಲ ತನಗೆ ಗೊತ್ತು ಎನ್ನುವ ಗತ್ತು ಮಾತ್ರ ಕೆಮ್ಮಿನ ಜೊತೆಗೇ ಉಳಿದುಕೊಂಡಿತ್ತು.

ಚಿನ್ನ ತೆಗೆದುಕೊಂಡು ಮಿಕ್ಕ ಪುಡಿಯನ್ನು ತಂದು ಸುರಿದು ಸುರಿದು ಆದ ಗುಡ್ಡ ಅದು. ಹುಲ್ಲು ಹುಟ್ಟುವುದಿಲ್ಲ, ಕಾಗೆ ಕೂರುವುದಿಲ್ಲ. ಯುಗಾದಿ ಕಳೆದು ಬೀಸುವ ಗಾಳಿಗೆ ಬಿಳಿ ಮರಳು ಎದ್ದು ಮುಂದಿನ ದಾರಿಯೂ ಹಿಂದಿನ ಹೆಜ್ಜೆಯೂ ಒಟ್ಟಿಗೇ ಅಳಿಸಿಹೋಗುತ್ತಿದ್ದವು. ಮುಂದೆ ಹೋಗುತ್ತಿದ್ದ ಗಂಡನ ಜೇಬಿನಲ್ಲಿ ಏನೋ ಗಲಗಲ ಅನ್ನುತ್ತಿತ್ತು.

“ಅದೇನು ಜೋಬಲ್ಲಿ?”

“ಕೆಮ್ಮಿನ ಗುಳಿಗೆ. ಸುಮ್ನೆ ಬಾ.”

ಸುಮ್ಮನೆ ಬರುವುದು ಅವಳಿಗೆ ಅಭ್ಯಾಸವಾಗಿತ್ತು. ಇವತ್ತು ಅವನು ಜೊತೆಗೆ ಬಂದದ್ದೇ ದೊಡ್ಡದು. ಮಗಳು ಕದಿರಮ್ಮ ಬಂಗಾರಪೇಟೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ದಿನ ತುಂಬಿ ಕೂತಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಆದರೆ ಕರೆದುಕೊಂಡು ಬರಲು ಅಪ್ಪ ಹೋಗಬೇಕಲ್ಲ? ಮದುವೆಯ ಪಂಕ್ತಿಯಲ್ಲಿ ಬೀಗರ ಕಡೆಯವನೊಬ್ಬ ಇವನ ಕೆಮ್ಮು ಕೇಳಿ ಎಲೆ ಎತ್ತಿಕೊಂಡು ದೂರ ಹೋಗಿ ಕೂತಿದ್ದ. ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಆದಿನಾರಾಯಣ ಅವತ್ತೇ ಆಣೆ ಇಟ್ಟ. ಅವನು ಕರೆಯಲಿಲ್ಲ, ಅವಳು ಬರಲಿಲ್ಲ. ಅತ್ತೆಯಿಲ್ಲದ ಮನೆ. ಅವಳ ಗಂಡ ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಹೊತ್ತುಗೊತ್ತಿಲ್ಲದ ಕೆಲಸ. ನೆನ್ನೆ ಹಾಲಿನವನ ಬಾಯಲ್ಲಿ ಸುದ್ದಿ ಬಂತು: ಸಣ್ಣಗೆ ನೋವು ಕಾಣಿಸಿಕೊಂಡಿದೆ, ಅಮ್ಮ ಬರಬೇಕಂತೆ. ಅಮ್ಮ ಎಂದಷ್ಟೇ ಹೇಳಿ ಕಳಿಸಿದ್ದಳು. ಬೆಳಿಗ್ಗೆ ಗಂಗರತ್ನಮ್ಮ ಗಂಟು ಕಟ್ಟುತ್ತಿದ್ದರೆ ಇವನು ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. “ನಡಿ” ಎಂದ, ಅಷ್ಟೇ. ಅವಳಿಗೆ ಅಳು ಬಂದಿತ್ತು. ಕಂಡರೆ ಎಲ್ಲಿ ಮನಸ್ಸು ಬದಲಾಯಿಸುತ್ತಾನೋ ಎಂದು ಗಂಟಿನ ಮೇಲೆ ಬಗ್ಗಿಕೊಂಡೇ ಕಣ್ಣೊರೆಸಿಕೊಂಡಿದ್ದಳು.

ಗುಡ್ಡ ಇಳಿದರೆ ಮುಚ್ಚಿಹೋದ ಒಂದು ಗಣಿ ಶಾಫ್ಟು, ಅದರ ಕೆಳಗೆ ಕೂಲಿಯವರ ಹಳೆಯ ಲೈನು ಮನೆಗಳು. ಆ ಶಾಫ್ಟು ನಿಂತರೂ ಬೇರೆಲ್ಲೂ ದಿಕ್ಕಿಲ್ಲದ ಕೆಲವರು ಅಲ್ಲೇ ಉಳಿದು ಕಲ್ಲು ಒಡೆದುಕೊಂಡಿದ್ದರು. ನೀರು ಕೇಳಿ ಕುಡಿದು ಹೋಗೋಣವೆಂದು ಇಬ್ಬರೂ ಅತ್ತ ತಿರುಗಿದರು. ಹಾಡುಹಗಲಲ್ಲಿ ಮನೆಮನೆಯ ಬಾಗಿಲೂ ಮುಚ್ಚಿತ್ತು. ಪ್ರತಿ ಬಾಗಿಲಿಗೂ ಬೇವಿನ ತೋರಣ. ಒಲೆಯ ಹೊಗೆಯಿಲ್ಲ, ಒಗ್ಗರಣೆಯ ವಾಸನೆಯಿಲ್ಲ. ನಾಯಿ ಕೂಡ ಬೊಗಳಲಿಲ್ಲ. ನಡುವಿನ ಬೇವಿನ ಮರದ ಬುಡದಲ್ಲಿ ಒಂದು ಮೊರ ಇತ್ತು. ಅದರ ತುಂಬ ಅರಿಸಿನದನ್ನ, ಒಂದು ಮಣ್ಣಿನ ಗೊಂಬೆ, ಸವೆದ ಪೊರಕೆ. ಗಂಗರತ್ನಮ್ಮ ಅಲ್ಲೇ ನಿಂತುಬಿಟ್ಟಳು.

ಅಷ್ಟರಲ್ಲಿ ಕೊನೆಯ ಮನೆಯಿಂದ ಒಬ್ಬ ಮುದುಕ ಪಂಚೆ ಎತ್ತಿ ಹಿಡಿದುಕೊಂಡು ಓಡಿಬಂದ. ಲೈನಿನ ಯಜಮಾನ ಕುಪ್ಪುಸ್ವಾಮಿ.

“ಎತ್ತಿಂದ ಬಂದ್ರಿ? ಗೆರೆ ಕಾಣಿಸ್ಲಿಲ್ವಾ? ಐಯ್ಯೋ, ಊರು ಕಟ್ಟಿದೀವಿ ಸ್ವಾಮೀ!”

“ಯಾವ ಗೆರೆ?” ಎಂದ ಆದಿನಾರಾಯಣ.

ಕುಪ್ಪುಸ್ವಾಮಿ ಕೈ ತೋರಿಸಿದ. ಲೈನಿನ ಸುತ್ತಲೂ ಬೂದಿ, ಸುಣ್ಣ ಬೆರೆಸಿ ಗೆರೆ ಎಳೆದಿದ್ದರು. ಬಿಳಿ ಮರಳಿನ ನೆಲದಲ್ಲಿ ಬಿಳಿ ಗೆರೆ. ಅದರ ಮೇಲೆ ಇಡೀ ಬೆಳಗಿನ ಗಾಳಿ. ಯಾವ ಕಣ್ಣಿಗೆ ಕಾಣಬೇಕು ಅದು?

ಮಕ್ಕಳ ಮೈಮೇಲೆ ಸಿಡುಬಿನ ಅಮ್ಮ ಎದ್ದಿದ್ದಳು. ಒಂದು ಮನೆಯಲ್ಲಿ ಎದ್ದದ್ದು ಪಕ್ಕದ ಮನೆಗೆ, ಅಲ್ಲಿಂದ ಎದುರು ಮನೆಗೆ. ಅಚ್ಚು ಹಾಕುವವನು ಸೂಜಿ ಹಿಡಿದು ಬಂದಾಗ ಇದೇ ಜನ ಮಕ್ಕಳನ್ನು ಶಾಫ್ಟಿನ ಹಳೆಯ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದರು. ಈಗ ಊರು ಕಟ್ಟಿ ಮಾರಿಯನ್ನು ಹೊರಗೆ ಸಾಗಿಸಲು ಮೊರ ಹೂಡಿದ್ದರು. ಮೊರ ಗಡಿ ದಾಟುವ ತನಕ ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಬರುವಂತಿಲ್ಲ. ಮೀರಿ ದಾಟಿದವರ ಕಾಲಿನ ಜೊತೆ ಅವಳೂ ನಡೆಯುತ್ತಾಳೆ.

“ಅಂಗಂದ್ರೆ ಎಂಗಯ್ಯಾ? ನನ್ ಮಗ್ಳು ಒಬ್ಳೇ ಅವ್ಳೆ, ಬ್ಯಾನೆ ಶುರುವಾಗೈತೆ!” ಗಂಗರತ್ನಮ್ಮನ ದನಿ ತಾನಾಗಿಯೇ ಏರಿತು. ಅರೆತೆರೆದ ಬಾಗಿಲುಗಳ ಸಂದಿಯಲ್ಲಿ ಕಣ್ಣುಗಳು ಕಂಡವು. ಯಾರೂ ಹೊರಗೆ ಬರಲಿಲ್ಲ.

“ಮೊರ ಯಾವಾಗ ದಾಟಿಸ್ತೀರ?” ಆದಿನಾರಾಯಣ ಕೇಳಿದ.

ಮೊದಲ ಮನೆಯ ಜಗಲಿಯಿಂದ ಒಬ್ಬ ಮುದುಕಿ ಉತ್ತರ ಕೊಟ್ಟಳು. ಮುನಿಶಾಮಮ್ಮ ಎಂದು ಅವಳ ಹೆಸರು. ತೊಡೆಯ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಬೇವಿನ ಸೊಪ್ಪಿನಿಂದ ಅವನ ಮೈ ನೀವುತ್ತಿದ್ದಳು.

“ಮೊರ ಒರೋರು ಯಾರವ್ರೆ? ನಮ್ಮನೇರು ಇದ್ದಾಗ ಅವರೇ ಒರ್ತಿದ್ರು. ಅವರು ಸತ್ತೋದ್ರು. ಒತ್ತೋನು ಈ ಬಾಗ್ಲ ಬೇವು ಒಣಗಿ ಉದುರೋಗಂಟ ತಿರುಗಿ ಬರಂಗಿಲ್ಲ ತಾಯಿ. ಅಲ್ಲೀಗಂಟ ಬಾಣಂತಿ, ಕೂಸು ಇರೋ ಮನೆ ಒಸ್ಲು ತುಳಿಯಂಗಿಲ್ಲ. ಅವನ ಕೈಯಿಂದ ಒಂದು ಕಡ್ಡಿನೂ ಆ ಮನೇಗೆ ಓಗಂಗಿಲ್ಲ. ಇಲ್ಲಿ ಎಲ್ಲಾರ ಮನೇಲೂ ಮಕ್ಳು. ಎಲ್ಲಾರಿಗೂ ಬಯ. ಕಟ್ಟಿದ ದಿನದಿಂದ ಮೊರ ಅಲ್ಲೇ ಕುಂತದೆ, ನಾವೂ ಇಲ್ಲೇ ಕುಂತಿದೀವಿ.”

ಕುಪ್ಪುಸ್ವಾಮಿ ತಲೆ ತಗ್ಗಿಸಿ ನಿಂತಿದ್ದ. ಅವನ ಮೇಲೆ ಕೂಗಾಡಬೇಕೆಂದಿದ್ದ ಗಂಗರತ್ನಮ್ಮನಿಗೆ ಅವನ ಮುಖ ನೋಡಿ ಬಾಯಿ ಬರಲಿಲ್ಲ. ಗೆರೆ ಎಳೆದವರೂ ಗೆರೆಯೊಳಗೇ ಸಿಕ್ಕಿಕೊಂಡಿದ್ದರು. ನಿದ್ದೆಗೆಟ್ಟು, ಹಿಟ್ಟು ಮುಗಿದು, ಯಾರಾದರೂ ಎದ್ದು ಮೊರ ಎತ್ತಲಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಾಕಾಗಿಹೋಗಿದ್ದರು.

ಅವಳು ಸೆರಗು ಬಿಗಿದಳು. “ನಾನು ಒರ್ತೀನಿ. ನಾನೇನು ಈ ಊರಿಗೆ ತಿರುಗಿ ಬರೋಳಲ್ಲ.”

“ಒತ್ತು ಎತ್ತ ಓಗ್ತೀಯಮ್ಮ?” ಮುನಿಶಾಮಮ್ಮ ತಲೆ ಎತ್ತದೆ ಕೇಳಿದಳು. “ಮಗ್ಳ ತಾವ್ಕಾ?”

ಗಂಗರತ್ನಮ್ಮ ಮರಳಿನಲ್ಲಿ ಕೂತುಬಿಟ್ಟಳು. ಹೊತ್ತರೆ ಮಗಳ ಮನೆಗೆ ಹೋಗುವಂತಿಲ್ಲ, ಹೊರದಿದ್ದರೆ ಇಲ್ಲಿಂದ ಏಳುವಂತಿಲ್ಲ. ಬಂಗಾರಪೇಟೆಯಲ್ಲಿ ಆ ಹುಡುಗಿ ಗೋಡೆ ಹಿಡಿದುಕೊಂಡು ಬಾಗಿಲು ನೋಡುತ್ತಿರಬಹುದು. ಕದ್ದು ಓಡಿಹೋದರೆ ಯಾರು ಹಿಡಿಯುತ್ತಾರೆ ಎಂಬ ಯೋಚನೆಯೂ ಬಂತು. ಬಂದ ಬೆನ್ನಿಗೇ ಮುದುಕಿಯ ತೊಡೆಯ ಮೇಲಿದ್ದ ಮಗುವಿನ ಮುಖ ಕಂಡಿತು. ತುಟಿಯ ಮೇಲೂ ಎದ್ದಿತ್ತು. ಇದನ್ನು ಕಾಲಿಗೆ ಅಂಟಿಸಿಕೊಂಡು ಹೆರುವವಳ ಕೋಣೆಗೆ ಹೋಗುವ ತಾಯಿ ಎಲ್ಲಿದ್ದಾಳೆ?

“ನಿನ್ನ ಅತ್ರದ ದಾರಿಗೆ ಬೆಂಕಿ ಬೀಳ!” ಎಂದು ಅವಳು ಗಂಡನ ಮೇಲೆ ತಿರುಗಿದಳು. “ನೀನು ಓಗಿ ಕರೆದಿದ್ರೆ ಮಗು ನಮ್ಮನೇಲಿ ಉಟ್ಟುತಿತ್ತು. ನಿನ್ನ ಆಣೆ, ನಿನ್ನ ಮಾನ, ನಿನ್ನ ಕೆಮ್ಮು. ಅದಕ್ಕೆ ಏನಾರ ಆದ್ರೆ ನಿನ್ನ ಮುಖ ನಾನು ನೋಡಾಕಿಲ್ಲ.”

ಆದಿನಾರಾಯಣನಿಗೆ ಕೆಮ್ಮು ಬಂತು, ಬಗ್ಗಿ ಕೆಮ್ಮಿ ಮುಗಿಸಿದ. ಆಮೇಲೆ ತನ್ನ ಕೆನ್ನೆಯನ್ನೊಮ್ಮೆ ಸವರಿಕೊಂಡ. ಅವನ ಮುಖದ ತುಂಬ ಚಿಕ್ಕಂದಿನ ಸಿಡುಬಿನ ಕಲೆಗಳಿದ್ದವು. ಹೆಣ್ಣು ನೋಡಲು ಬಂದಾಗ ಗಂಗರತ್ನಮ್ಮ ಅದಕ್ಕೇ ಅತ್ತಿದ್ದಳು. ಆಮೇಲೆ ಎಷ್ಟೋ ವರ್ಷಗಳಿಂದ ಅವು ಅವಳ ಕಣ್ಣಿಗೆ ಬಿದ್ದಿರಲಿಲ್ಲ.

“ಯಜಮಾನ್ರೇ,” ಎಂದ ಕುಪ್ಪುಸ್ವಾಮಿಗೆ, “ಮೊರ ಯಾವ ದಿಕ್ಕಿಗಾದ್ರೂ ತಕ್ಕೊಂಡೋಗ್ಬೌದಾ?”

“ಯಾವ ದಿಕ್ಕಾದ್ರೂ ಸರಿ. ಮನೆ ಮಠ ಇಲ್ಲದ ಕಡೆ ಇಳಿಸಿ, ತಿರುಗಿ ನೋಡದೆ ಹೋಗ್ತಾ ಇರಬೇಕು. ಕಳಿಸೋರೂ ತಿರುಗಿ ನೋಡಬಾರ್ದು.”

“ಅಂಗಾದ್ರೆ ನಾನು ಮೂಡ್ಲಕ್ಕೆ ಓಗ್ತೀನಿ. ನನ್ನ ಆ ಮಾರಿ ಒಂದ್ಸಲ ನೋಡಿ ಬಿಟ್ಟವ್ಳೆ. ಇನ್ನೊಂದ್ಸಲ ನೋಡೋಕೆ ಇಲ್ಲೇನೈತೆ?” ಹೆಂಡತಿಯ ಕಡೆ ತಿರುಗಿದ. “ನೀನು ಪಡುವಲಕ್ಕೆ ಓಗು. ಇನ್ನೂ ರೈಲು ಸಿಕ್ತದೆ.”

ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. “ನೀನೂ ಮಗೂನ ನೋಡಾಕಂತ್ಲೇ ಬಂದಿದ್ದಲ್ಲ...”

“ಬೇವು ಉದುರ್ತದೆ ಬಿಡು. ಎಲೆ ತಾನೆ.”

ಚಪ್ಪಲಿ ಬಿಟ್ಟು, ಟವೆಲನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು ಅವನು ಮರದ ಬುಡಕ್ಕೆ ಹೋದ. ಈಗ ಬಾಗಿಲುಗಳು ಒಂದೊಂದೇ ತೆರೆದವು. ಹೆಂಗಸರು ಹೊಸಿಲಿನಲ್ಲೇ ನಿಂತು ಕೈ ಮುಗಿದರು. ಅವನು ಕುಕ್ಕರಗಾಲಲ್ಲಿ ಕೂತು ಮೊರ ಹಿಡಿದು ಎತ್ತಿ ತಲೆಯ ಮೇಲಿಟ್ಟುಕೊಂಡ. ಏಳುವಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಜೇಬಿನಲ್ಲಿದ್ದದ್ದು ಗಲಗಲ ಎಂದು ಅರ್ಧ ಹೊರಗೆ ಬಂತು.

ಗುಳಿಗೆಯ ಡಬ್ಬಿಯಲ್ಲ ಅದು. ಗಣಿಯಲ್ಲಿ ಅವನು ಹಿಡಿಯುತ್ತಿದ್ದ ದೀಪದ ಹಿತ್ತಾಳೆ ಮುಚ್ಚಳ. ಅದನ್ನು ತಟ್ಟಿ ಉಂಡೆ ಮಾಡಿ, ಒಳಗೆ ಕಲ್ಲಿನ ಚೂರು ತುಂಬಿ, ಮರದ ಹಿಡಿ ಹಾಕಿದ ಗಿಲಕಿ. ಮಗುವಿನ ಬಾಯಿಗೆ ತಾಗದಿರಲೆಂದು ಅಂಚನ್ನೆಲ್ಲ ಅರದಿಂದ ಉಜ್ಜಿ ನುಣುಪು ಮಾಡಿದ್ದ. ಯಾವಾಗ ಮಾಡಿದನೋ, ಎಲ್ಲಿ ಕೂತು ಮಾಡಿದನೋ. ಗಂಗರತ್ನಮ್ಮ ಕೈ ಚಾಚಿ ಮುಂದೆ ಬಂದಳು.

“ಮುಟ್ಬ್ಯಾಡ!” ಮುನಿಶಾಮಮ್ಮ ಕೂಗಿದಳು. “ಮೊರ ಎತ್ತಾಯ್ತು ತಾಯಿ. ಇನ್ನು ಅವರ ಮೈಮೇಲಿಂದು ಆ ಕೂಸಿಗೆ ಬ್ಯಾಡ.”

ಆದಿನಾರಾಯಣನ ಕೈಗಳೆರಡೂ ಮೊರದ ಮೇಲಿದ್ದವು. ಬಗ್ಗಿ ನೋಡಿಕೊಳ್ಳಲೂ ಆಗದು. ಆದರೂ ಅವನಿಗೆ ಗೊತ್ತಾಗಿತ್ತು. “ಥತ್, ಮರೆತೆ” ಎಂದ, ತೀರ ಸಣ್ಣ ದನಿಯಲ್ಲಿ. ಆಮೇಲೆ ಮೂಡಲಕ್ಕೆ ತಿರುಗಿ ನಡೆದ.

ಮೊರ ಗೆರೆ ದಾಟಿತು. ಕುಪ್ಪುಸ್ವಾಮಿ ಕಾಲಿನಿಂದ ಗೆರೆ ಕೆಡಿಸಿದ. ಮುನಿಶಾಮಮ್ಮ ಬೇವಿನ ನೀರನ್ನು ಗಂಗರತ್ನಮ್ಮನ ಮೇಲೆ ಚಿಮುಕಿಸಿ, “ಓಗಮ್ಮ, ತಿರುಗಿ ನೋಡ್ಬ್ಯಾಡ” ಎಂದು ಬೆನ್ನು ಸವರಿದಳು. ಅವಳು ನೋಡಲಿಲ್ಲ. ಬೆನ್ನ ಹಿಂದೆ ಕೆಮ್ಮು, ಅದರ ಜೊತೆಗೇ ಗಲಗಲ ಕೇಳುತ್ತಿತ್ತು. ಗಾಳಿ ತಿರುಗಿದ ಮೇಲೆ ಅದೂ ಕೇಳಲಿಲ್ಲ. ಉರಿಗಾಂ ಸ್ಟೇಷನ್ನಿನವರೆಗೂ ಅವಳು ಅಳುತ್ತಲೇ ನಡೆದಳು.

ಕದಿರಮ್ಮನಿಗೆ ಹೆಣ್ಣು ಮಗುವಾಯಿತು. ಅಮ್ಮ ಹೊಸಿಲು ದಾಟಿ ಒಳಗೆ ಬರುವಾಗಲೇ ನೋವು ಜೋರಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಪಕ್ಕದ ಮನೆಯವರು ಬಂದು ಬಂದು ಹೇಳಿದರು. ಬಿಸಿನೀರು ಎರೆಸಿಕೊಂಡು ಮಲಗಿದ ಮೇಲೆ ಮಗಳು ಕೇಳಿದಳು.

“ಅಪ್ಪ ಬರಲ್ಲ ಅಂದ್ನಾ?”

“ಬಂದ ಕಣೆ. ಒಗೆದ ಅಂಗಿ ಆಕ್ಕೊಂಡು ಬಂದ” ಎಂದು ಗಂಗರತ್ನಮ್ಮ ನಡೆದದ್ದನ್ನೆಲ್ಲ ಹೇಳಿದಳು. ಗಿಲಕಿಯ ವಿಷಯವನ್ನೂ ಹೇಳಿದಳು. ಕದಿರಮ್ಮ ಗೋಡೆಯ ಕಡೆ ಹೊರಳಿಕೊಂಡಳು. ಅಲ್ಲಿಂದಲೇ, “ಬೇವು ಒಣಗೋಕೆ ಎಷ್ಟು ದಿನ ಬೇಕಮ್ಮ?” ಎಂದಳು.

ಬಿಸಿಲು ಜೋರಾಗಿಯೇ ಇತ್ತು. ಒಂದು ಮಧ್ಯಾಹ್ನ ಗಂಗರತ್ನಮ್ಮ ಹಿತ್ತಿಲಲ್ಲಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಗು ಅಳುತ್ತಿದ್ದದ್ದು ತಟ್ಟನೆ ನಿಲ್ಲಿಸಿ ಕತ್ತು ಹೊರಳಿಸಿತು. ಆಮೇಲೆ ಅವಳಿಗೂ ಕೇಳಿಸಿತು. ಗಲಗಲ.

ಬೇಲಿಯಾಚೆ ರೈಲು ಹಳಿ. ಹಳಿಗಳ ಆಚೆ ದಂಡೆಯಲ್ಲಿ ಬರಿಗಾಲಲ್ಲಿ ಆದಿನಾರಾಯಣ ನಿಂತಿದ್ದ. ಅದೇ ಅಂಗಿ, ಕೊಳೆಯಾಗಿತ್ತು. ಇನ್ನೂ ಬೇವು ಉದುರಿರಲಿಲ್ಲವೇನೋ, ಹಳಿ ದಾಟಲಿಲ್ಲ. ಗಿಲಕಿಯನ್ನು ತಲೆಗಿಂತ ಎತ್ತರಕ್ಕೆ ಹಿಡಿದು ಆಡಿಸುತ್ತಿದ್ದ.

“ಕದಿರಾ, ಬಾರೆ!” ಎಂದು ಒಳಗೆ ಕೂಗಿ, ಗಂಗರತ್ನಮ್ಮ ಎಣ್ಣೆಗೈಯಲ್ಲೇ ಮಗುವನ್ನು ಬೇಲಿಯ ಮೇಲಕ್ಕೆ ಎತ್ತಿ ಹಿಡಿದಳು. ಮಾರಿಕುಪ್ಪದ ಕಡೆಯಿಂದ ಗೂಡ್ಸ್ ಗಾಡಿ ಬಂತು. ಒಂದರ ಹಿಂದೊಂದು ಡಬ್ಬಿ, ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ನಿಧಾನ. ಗಡಗಡ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಕದಿರಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದು ಅಮ್ಮನ ಪಕ್ಕ ನಿಂತಳು. ಡಬ್ಬಿ ಡಬ್ಬಿಗಳ ನಡುವಿನ ಸಂದಿಯಲ್ಲಿ ಆಚೆ ದಂಡೆಯ ಆ ಕೈ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಆಡಿಸುವುದನ್ನು ಅದು ನಿಲ್ಲಿಸಿರಲಿಲ್ಲ.