ಹುಳುಮನೆಯ ಮಡಿ

"ಹೊಸ್ಲು ದಾಟ್ಬೇಡ ಕಣೇ ಮುಂಡೆ! ನಿನ್ನ ನೆಳ್ಳು ಬಿದ್ರೆ ಮರಿಹುಳ ಸತ್ತೋಯ್ತವೆ!"

ಚನ್ನಕೇಶವ ಕಿರುಚಿದಾಗ ರೂಪಳ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯಿತ್ತು. ಬಾಗಿಲಲ್ಲೇ ಇಳಿಸಿದಳು. ರೇಷ್ಮೆ ಮರಿಹುಳ ಸಾಕಿ ರೈತರಿಗೆ ಮಾರುವ ಅವನ ಹುಳುಮನೆಯಲ್ಲಿ ಅವಳಿಗೆ ನಾಲ್ಕು ವರ್ಷದ ಕೆಲಸ. ಮರಿಹುಳ ಸಾಕುವ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದವಳು ಅಲ್ಲಿ ಅವಳೊಬ್ಬಳೇ. ಇದ್ದರೇನು? ಎ.ಕೆ. ಕಾಲೊನಿಯ ಹೆಣ್ಣು ಒಳಗೆ ಕಾಲಿಟ್ಟರೆ ಹುಳಕ್ಕೆ ಮೈಲಿಗೆಯಂತೆ!

ರೋಗ ಬಂದು ಹುಳ ಸತ್ತಾಗ ಮಾತ್ರ ಮಡಿಯೂ ಇಲ್ಲ, ಮಣ್ಣೂ ಇಲ್ಲ. ಆಗ ಅವಳನ್ನೇ ಒಳಗೆ ಕರೆಯುತ್ತಾರೆ. ಒಡೆದು ಕೀವು ಸೋರುವ ಹುಳಗಳನ್ನು ಬರಿಗೈಯಲ್ಲಿ ಬಾಚಬೇಕು. ಥೂ, ಆ ನಾತ! ಮೂರು ದಿನ ಉಗುರಿನ ಸಂದಿ ಬಿಡದು. ಅನ್ನ ಕಲಸಿದರೆ ವಾಕರಿಕೆ.

ಅವತ್ತೇ ಮಧ್ಯಾಹ್ನ ರೂಪ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ ರೇಷ್ಮೆ ಇಲಾಖೆಯ ಕಚೇರಿಗೆ ದೂರು ಕೊಟ್ಟಳು. ಜಾತಿ ನೋಡಿ ಹೊರಗಿಟ್ಟಿದ್ದಾರೆ, ಒಳಗಿನ ಕೆಲಸ ತನಗೆ ಸಲ್ಲಬೇಕು, ಇಷ್ಟೇ ಅವಳು ಬರೆದಿದ್ದು. ಇನ್‌ಸ್ಪೆಕ್ಟರ್ ಮುರಳಿಮೋಹನ್ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ನಕ್ಕ.

"ಏನಮ್ಮ, ಹುಳಕ್ಕೂ ಜಾತಿ ಗೊತ್ತಾಗತ್ತಾ?"

"ಹುಳಕ್ಕೆ ಗೊತ್ತಾಗಲ್ಲ ಸಾರ್. ಸಾಕೋರಿಗೆ ಗೊತ್ತು."

ನಗು ನಿಂತಿತು. "ಸೋಮವಾರ ಬಂದು ನೋಡ್ತೀನಿ. ಸುಳ್ಳಾದ್ರೆ ನಿನ್ಮೇಲೇ ಕೇಸು."

ಯಾರು ಸುದ್ದಿ ಮುಟ್ಟಿಸಿದ್ದರೋ, ಸೋಮವಾರ ಜೀಪು ಬರುವ ಮೊದಲೇ ಚನ್ನಕೇಶವ ಹಲ್ಲು ಕಿರಿದ. "ಬಾರಮ್ಮ ರೂಪಮ್ಮ, ಒಳಗ್ ಬಾ." ಆಹಾ, ಅವನ ಬಾಯಲ್ಲಿ ಅಮ್ಮ! ಬಿಳಿ ಏಪ್ರನ್ ಹಾಕಿಸಿ, ತಲೆಗೊಂದು ಟೋಪಿ ಸಿಕ್ಕಿಸಿ, ಹುಳದ ತಟ್ಟೆ ಕೈಗಿಟ್ಟು ನಿಲ್ಲಿಸಿದ. ಮುರಳಿಮೋಹನ್ ಮೊಬೈಲಿನಲ್ಲಿ ನಾಲ್ಕು ಫೋಟೊ ಹೊಡೆದ. ನಿಂತಲ್ಲೇ ಬರೆದು, ಗಟ್ಟಿಯಾಗಿ ಓದಿದ: "ದೂರುದಾರರು ಒಳಗೇ ಕೆಲಸ ಮಾಡುತ್ತಿದ್ದಾರೆ. ದೂರು ಸುಳ್ಳು."

"ಹುಳ ಸಾಕಕ್ಕೆ ಇದೇ ಮೊದಲ್ನೇ ಸಲ ಒಳಗ್ ಬಿಟ್ಟಿರೋದು ಸಾರ್!"

ರೂಪ ಹೇಳಿದ್ದು ಮುರಳಿಮೋಹನ್‌ಗೆ ಕೇಳಿಸಲಿಲ್ಲ. ಎಳನೀರು ಕುಡಿಯಲು ಹೊಂಗೆ ಮರದ ಕಡೆ ನಡೆದ. ಚನ್ನಕೇಶವ ಹೊಸ್ತಿಲಾಚೆ ನಿಂತು ಹಲ್ಲು ಕಡಿದ.

"ನಾಟ್ಕ ಮುಗೀತು. ಅದ್ನ ಬಿಚ್ಚಾಕಿ ಆಚೆ ಬಾರೇ. ಗಂಜಲ ಹಾಕಿ ತೊಳೀಬೇಕು ಇನ್ನ."

ರೂಪಳಿಗೆ ಅವನ ಮುಖಕ್ಕೇ ಕಾರಿಕೊಳ್ಳಬೇಕು ಅನ್ನಿಸಿತು. ಬಾಗಿಲು ದಬ್ಬಿ ಒಳಗಿನಿಂದ ಚಿಲಕ ಜಡಿದಳು.

"ಲೇ! ತೆಗಿಯೇ ಬೋಸುಡಿ! ರೈತ್ರು ಹುಳ ತಗೊಂಡೋಗಕ್ಕೆ ಬಂದವ್ರೆ!"

ಅವಳು ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ತಟ್ಟೆಗಳ ಮೇಲೆ ಉದುರಿಸತೊಡಗಿದಳು. ಹುಳಗಳು ತಲೆಯೆತ್ತಿ ಮೇಯತೊಡಗಿದವು. ಹೊರಗೆ ಬಾಗಿಲಿಗೆ ಒದೆ ಬೀಳುತ್ತಿತ್ತು. ಮುರಳಿಮೋಹನ್ ಓಡಿಬಂದು ಕಿಟಕಿಯ ಜಾಲರಿಗೆ ಮುಖ ಒತ್ತಿದ.

"ಏಯ್, ಏನ್ ಮಾಡ್ತಿದೀಯಮ್ಮ ಒಳಗೆ?"

"ನೀವು ಬರ್ದಿದ್ದನ್ನೇ ಸಾರ್," ಎಂದು ರೂಪ ಮುಂದಿನ ತಟ್ಟೆ ಎಳೆದುಕೊಂಡಳು.